ಒಳಗೆ ಬಿಟ್ಟ ಎರಡಿಂಚು

ನನ್ನ ತಮ್ಮ ಅನಂತರಾಜು ತನ್ನ ಮಗಳನ್ನು ಗುಬ್ಬಿಯ ನಮ್ಮ ಮನೆಯಲ್ಲಿ ತಂದು ಬಿಟ್ಟಾಗ ಎರಡೇ ತಿಂಗಳು ಎಂದಿದ್ದ. ಅದಾಗಿ ಈಗ ಒಂದೂವರೆ ವರ್ಷ. ಎರಡು ತಿಂಗಳು ಇಷ್ಟುದ್ದ ಬೆಳೆದದ್ದರಲ್ಲಿ ಅವನ ತಪ್ಪು ಎಷ್ಟಿದೆಯೋ ನನ್ನದೂ ಅಷ್ಟೇ ಇದೆ. ಯಾರಾದರೂ ಬೈದರೆ ಬೈಸಿಕೊಳ್ಳಲು ತಯಾರಿದ್ದೇನೆ. ಆದರೆ ಯಾರೂ ಬೈಯುವುದಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ.

ನಾನು ಪ್ರಮೀಳಾ. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಟೈಲರಿಂಗ್ ಅಂಗಡಿ ಮಾಡಿಕೊಂಡು ಹದಿನೆಂಟು ವರ್ಷವಾಯಿತು. ಬ್ಲೌಸು, ಚೂಡಿದಾರ ವರ್ಷವಿಡೀ ಇದ್ದದ್ದೇ. ಆದರೆ ನನ್ನ ಕೈ ಹೆಸರಾದದ್ದು ಸ್ಕೂಲ್ ಯೂನಿಫಾರ್ಮಿಗೆ. ಮಕ್ಕಳ ಬಟ್ಟೆ ಹೊಲಿಯುವವರು ಮಗು ಇವತ್ತು ಎಷ್ಟಿದೆಯೋ ಅಷ್ಟಕ್ಕೇ ಹೊಲಿಯಬಾರದು. ಪಕ್ಕದ ಹೊಲಿಗೆಯಲ್ಲೂ ಕೆಳಗಿನ ಮಡಿಕೆಯಲ್ಲೂ ಒಳಗೆ ಎರಡಿಂಚು ಬಟ್ಟೆ ಬಿಡಬೇಕು. ವರ್ಷ ಕಳೆದ ಮೇಲೆ ತಾಯಂದಿರು ಅದನ್ನೇ ತಂದುಕೊಡುತ್ತಾರೆ, ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಡುತ್ತೇನೆ. ಒಳಗೆ ಬಟ್ಟೆ ಬಿಡದೆ ಉಳಿಸಿಕೊಳ್ಳುವ ಟೈಲರನ್ನು ನಮ್ಮ ಕಡೆಯ ಹೆಂಗಸರು ಎರಡನೇ ಸಲ ಹುಡುಕಿಕೊಂಡು ಹೋಗುವುದಿಲ್ಲ.

ಅನಂತ ಅಮೃತೂರಿನ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಊರಿನ ಅಷ್ಟೂ ಮನೆಯವರು ಕ್ಯಾನು ಹಿಡಿದು ಅವನ ಮುಂದೆ ನಿಲ್ಲುತ್ತಾರೆ. ಹಾಲಿಗೆ ನೀರು ಬೆರೆಸಿದವರಿಗೆ ಮುಖಕ್ಕೆ ಹೇಳುವ ಗಂಡಸು ಅವನು, ಅದಕ್ಕೇ ಅವನ ಮಾತಿಗೆ ತೂಕ. ಅವನ ಒಬ್ಬಳೇ ಮಗಳು ಸಂಧ್ಯಾ ಚಿಕ್ಕಂದಿನಲ್ಲಿ ಡೈರಿಯಲ್ಲೇ ಬೆಳೆದಳು ಎನ್ನಬೇಕು. ಯಾರ ಮನೆಯ ಹಸು ಯಾವಾಗ ಕರು ಹಾಕಿತು, ಯಾವ ಹಸುವಿನ ಹಾಲು ಈ ವಾರ ತೆಳ್ಳಗಾಗಿದೆ, ಎಲ್ಲ ಅವಳ ಬಾಯಲ್ಲಿ. ದಡ್ಡಿ ಅಲ್ಲವೇ ಅಲ್ಲ. ನಿಧಾನ ಅಷ್ಟೆ. ಒಂದು ಲೆಕ್ಕ ಕೊಟ್ಟರೆ ಅದರ ಜೊತೆ ಅರ್ಧ ಗಂಟೆ ಕೂರುತ್ತಿದ್ದಳು, ಕೊನೆಗೆ ಸರಿಯಾಗೇ ಬಿಡಿಸುತ್ತಿದ್ದಳು. ಯಾಕೆ ಇಷ್ಟೊತ್ತು ಎಂದರೆ, "ಇನ್ನೊಂದ್ ರೀತಿಲಿ ಬರುತ್ತಾ ಅಂತ ನೋಡ್ತಿದ್ದೆ" ಅನ್ನುವಳು.

ತುಮಕೂರಿನ ಉಪ್ಪಾರಹಳ್ಳಿಯ ಆಚೆ ಒಂದು ಹಾಸ್ಟೆಲ್ ಸ್ಕೂಲಿದೆ. ಆರನೇ ಕ್ಲಾಸಿನಿಂದ ಹತ್ತರವರೆಗೆ. ಹೆಸರು ಹೇಳುವುದಿಲ್ಲ, ಅವರದೇನೂ ಬಚ್ಚಿಟ್ಟ ವ್ಯವಹಾರವಲ್ಲ, ಎಲ್ಲ ಬೋರ್ಡಿನ ಮೇಲೆ ಬರೆದೇ ಇಟ್ಟಿದ್ದಾರೆ. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಏಳಬೇಕು. ಪ್ರತಿ ಶನಿವಾರ ಟೆಸ್ಟು. ಟೆಸ್ಟಿನ ಅಂಕ ನೋಡಿ ಸೋಮವಾರ ಸೆಕ್ಷನ್ ಬದಲಾಯಿಸುತ್ತಾರೆ. ಅಲ್ಲಿಗೆ ಸೇರಲು ಎಂಟ್ರೆನ್ಸ್ ಬರೆಯಬೇಕು. ಅನಂತ ಒಂದು ವರ್ಷ ಪೂರ್ತಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು ಮಗಳನ್ನು ಡೈರಿಯ ಪಕ್ಕದ ಕೋಣೆಯಲ್ಲಿ ಕೂರಿಸಿದ. ಅವಳು ಉತ್ತರಗಳನ್ನು ಬಾಯಿಪಾಠ ಮಾಡಿದಳು. ಸೀಟು ಸಿಕ್ಕಿತು.

ನಮ್ಮೂರಿನಿಂದ ಆ ಸ್ಕೂಲಿಗೆ ಹೋದ ಮೊದಲ ಮಗು. ಅಮೃತೂರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿದರು. ಎರಡು ಜಡೆ ಮಡಚಿ ಕಟ್ಟಿದ ಸಂಧ್ಯಾ, ಕೆಳಗೆ ಡೈರಿಯ ನಿರ್ದೇಶಕರೆಲ್ಲರ ಚಿಕ್ಕ ಚಿಕ್ಕ ಮುಖ. ನಾನೂ ಗುಬ್ಬಿಯಿಂದ ಹೋಗಿ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಸ್ಟೇಟಸ್ಸಿಗೆ ಹಾಕಿದೆ. ಆ ಸ್ಕೂಲಿನ ಯೂನಿಫಾರ್ಮು, ನೀಲಿ ಚೌಕಳಿಯ ಪಿನೋಫಾರ್ಮು, ನಾನೇ ಹೊಲಿದೆ. ಎರಡಿಂಚಿಗೆ ಬದಲು ಮೂರಿಂಚು ಬಿಟ್ಟೆ.

ಆರನೇ ಕ್ಲಾಸಿನ ನವೆಂಬರಿನಲ್ಲಿ ಒಮ್ಮೆ ಅನಂತ ಮತ್ತು ಅವನ ಹೆಂಡತಿ ಅರುಣಾ ಜೊತೆ ನಾನೂ ಮಗುವನ್ನು ನೋಡಲು ಹೋದೆ. ತಿಂಗಳ ಮೊದಲ ಭಾನುವಾರ ತಂದೆತಾಯಿಗಳನ್ನು ಒಳಗೆ ಬಿಡುತ್ತಾರೆ. ಹತ್ತು ಗಂಟೆಗೆ ಗೇಟಿನ ಮುಂದೆ ನಿಂತೆವು. ಸುತ್ತ ಇದ್ದವರೆಲ್ಲ ಒಳಗೆ ಹೋದರು. ನಾವು ಹೊರಗೇ ಉಳಿದೆವು. ಅನಂತ ನಮ್ಮನ್ನು ಕಾಂಪೌಂಡಿನ ಪಕ್ಕದ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದ.

"ಯಾಕೋ, ನಾವು ಹೋಗೋದಿಲ್ವಾ?" ಅಂದೆ.

"ಹತ್ತು ಗಂಟೆ ಎ ಸೆಕ್ಷನ್ನೋರಿಗೆ ಅಕ್ಕ. ಹನ್ನೆರಡಕ್ಕೆ ಬಿ, ಒಂದೂವರೆಗೆ ಸಿ. ನಮ್ದು ಮೂರು ಗಂಟೆಗೆ."

"ಮತ್ತೆ ಇಷ್ಟ್ ಬೇಗ ಯಾಕ್ ಬಂದ್ವಿ?"

ಅವನು ಊಟದ ಕ್ಯಾರಿಯರನ್ನು ನೆರಳಿಗೆ ಸರಿಸಿದ. ಅರುಣಾ ಹೇಳಿದಳು. "ಊರಿಂದ ಏಳು ಗಂಟೆ ಬಸ್ಸಿಗೇ ಹೊರಡ್ಬೇಕು ಅಕ್ಕ. ಹನ್ನೊಂದ್ರ ಬಸ್ಸಿಗೆ ಹೊರಟ್ರೆ ಯಾಕೆ ಇಷ್ಟ್ ಲೇಟು ಅಂತ ಯಾರಾದ್ರೂ ಕೇಳ್ತಾರಲ್ಲ."

ಹತ್ತರಿಂದ ಮೂರರವರೆಗೆ ನಾವು ಮೂವರು ಆ ಮರದ ಕೆಳಗೆ ಕೂತಿದ್ದೆವು. ಕ್ಯಾರಿಯರಿನಲ್ಲಿದ್ದ ಚಿತ್ರಾನ್ನ ತಣ್ಣಗಾಯಿತು. ಸುಮ್ಮನೆ ಆ ಸ್ಕೂಲನ್ನು ಬೈದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಕೋರ ಊರಿನ ಒಂದು ಹುಡುಗಿ ಅಪ್ಪನ ಕೈ ಹಿಡಿದು ಗೇಟಿನವರೆಗೆ ಕುಣಿದುಕೊಂಡು ಬಂದಳು, ಯಾವುದೋ ಲೆಕ್ಕದ ಸ್ಪರ್ಧೆಯ ಮೆಡಲ್ ಕತ್ತಿನಲ್ಲಿತ್ತು, ಮನೆಗೆ ಬರೋದಿಲ್ಲ ಇಲ್ಲೇ ಇರ್ತೀನಿ ಅನ್ನುತ್ತಿದ್ದಳು. ಆ ಮಗುವಿಗೆ ಆ ಸ್ಕೂಲು ಅಳತೆ ತೆಗೆದು ಹೊಲಿದಂತಿತ್ತು. ತಪ್ಪು ಏನೆಂದರೆ ಅದೇ ಒಂದು ಅಳತೆ ಹಿಡಿದು ಇನ್ನೂರು ಮಕ್ಕಳಿಗೆ ಕತ್ತರಿಸುತ್ತಾರೆ, ಹಿಡಿಸದಿದ್ದರೆ ಮಗು ಸರಿಯಿಲ್ಲ ಅನ್ನುತ್ತಾರೆ. ನಾನು ಹಾಗೆ ಹೊಲಿದರೆ ಗುಬ್ಬಿಯ ಹೆಂಗಸರು ಬಟ್ಟೆಯನ್ನು ಮುಖಕ್ಕೆ ಎಸೆದು ಹೋಗುತ್ತಾರೆ.

ಮೂರು ಗಂಟೆಗೆ ಸಂಧ್ಯಾ ಬಂದಳು. ಬೆಳಿಗ್ಗೆಯಿಂದ ನಾವು ಮರದ ಕೆಳಗೆ ಕೂತಿದ್ದನ್ನು ಮೇಲಿನ ಕಿಟಕಿಯಿಂದ ನೋಡಿದ್ದಳಂತೆ. "ಮುಂದಿನ್ ತಿಂಗಳು ಹನ್ನೆರಡು ಗಂಟೆಗೆ ಬರೋ ಹಂಗೆ ಮಾಡ್ತೀನಿ ಅಪ್ಪ" ಅಂದಳು. ಹಸುಗಳ ವಿಷಯ ಒಂದನ್ನೂ ಕೇಳಲಿಲ್ಲ. ಜಡೆ ಸಡಿಲವಾಗಿತ್ತು ಎಂದು ನಾನು ಬಿಚ್ಚಿ ಬಾಚಲು ಕೂತೆ. ತಲೆಯ ಹಿಂದೆ, ಕಿವಿಗಿಂತ ಸ್ವಲ್ಪ ಮೇಲೆ, ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಏನೇ ಇದು ಅಂದೆ. ಟೆಸ್ಟ್ ಬರೆಯುವಾಗ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ, ಎಳೆದದ್ದು ಗೊತ್ತೇ ಆಗುವುದಿಲ್ಲ ಅಂದಳು. ನಾನು ಮೇಲಿನ ಕೂದಲು ಎಳೆದು ಅದನ್ನು ಮುಚ್ಚಿ ಬಿಗಿಯಾಗಿ ಜಡೆ ಹಾಕಿದೆ. ಆವತ್ತೇ ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಬೇಕಿತ್ತು. ನಾನು ಜಡೆ ಹಾಕಿದೆ.

ಏಳನೇ ಕ್ಲಾಸು ಮುಗಿಯುವವರೆಗೂ ಅವಳ ಸರದಿ ಮೂರು ಗಂಟೆಯದೇ ಆಗಿತ್ತು. ಏಪ್ರಿಲ್‌ನಲ್ಲಿ ಪ್ರಿನ್ಸಿಪಾಲರು ಅನಂತನನ್ನು ಕರೆಸಿ ಕಾಫಿ ಕೊಟ್ಟು ಮರ್ಯಾದೆಯಿಂದಲೇ ಹೇಳಿದರಂತೆ. ಎಂಟನೇ ಕ್ಲಾಸಿನಿಂದ ಇನ್ನೂ ಹೆಚ್ಚಿನ ಪಾಠ ಶುರುವಾಗುತ್ತೆ ಸರ್, ಈ ಮಗುಗೆ ಹೊರೆ, ಬೇರೆ ಕಡೆ ನೋಡ್ಕೊಳ್ಳಿ. ಟಿಸಿ ಬರೆದು ಕವರಿಗೆ ಹಾಕಿ ಇಟ್ಟಿದ್ದರು. ಅನಂತ ಅದನ್ನು ಜೇಬಿಗಿಟ್ಟು, ಮಗಳನ್ನೂ ಟ್ರಂಕನ್ನೂ ಆಟೊಗೆ ಹಾಕಿಕೊಂಡು ತುಮಕೂರು ಬಸ್ ಸ್ಟ್ಯಾಂಡಿಗೆ ಬಂದ. ಅಲ್ಲಿ ಊರಿಗೆ ಹೋಗುವ ಕುಣಿಗಲ್ ಬಸ್ಸು ನಿಂತಿತ್ತು. ಅದನ್ನು ಬಿಟ್ಟು ಗುಬ್ಬಿ ಬಸ್ಸು ಹತ್ತಿದ.

"ಎರಡು ತಿಂಗಳು ಇಟ್ಕೋ ಅಕ್ಕ. ತುಮಕೂರಲ್ಲೇ ಅದರ ಸಮಕ್ಕಿರೋ ಇನ್ನೊಂದ್ ಸ್ಕೂಲಿಗೆ ಸೇರಿಸಿಬುಡ್ತೀನಿ. ಊರಲ್ಲಿ ಏನೂ ಹೇಳೋದು ಬೇಡ."

"ಊರಿಗೇ ಕರ್ಕೊಂಡೋಗಿ ಅಮೃತೂರಲ್ಲಿ ಸೇರಿಸೋ. ನಾವೂ ಅಲ್ಲೇ ಓದಿದ್ದಲ್ವೇನೋ."

"ಸರ್ಕಲ್ಲಲ್ಲಿ ಫ್ಲೆಕ್ಸ್ ಹಾಕಿಸ್ಕೊಂಡಿದೀನಿ ಅಕ್ಕ. ಅದರ ಕೆಳಗೇ ನಡ್ಕೊಂಡು ಹೋಗಿ ಸೇರ್ಬೇಕಾ ಅವಳು?"

ಆ ಫ್ಲೆಕ್ಸು ಗಾಳಿಗೆ ಹರಿದು ಹೋಗಿ ಆಗಲೇ ವರ್ಷವಾಗಿತ್ತು. ಅದನ್ನು ಹೇಳಿದೆ. ಅವನು ಎದ್ದು ಹೋದ. ಸಂಧ್ಯಾ ಟ್ರಂಕಿನ ಮೇಲೆ ಕೂತು ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಿದ್ದಳು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವಳ ಹೆಸರು, ಹಾಸ್ಟೆಲ್ ನಂಬರು ಬರೆದಿತ್ತು.

ಎರಡು ಸ್ಕೂಲುಗಳ ಎಂಟ್ರೆನ್ಸು ಬರೆದಳು, ಎರಡರಲ್ಲೂ ಆಗಲಿಲ್ಲ. ಅಷ್ಟರಲ್ಲಿ ಜೂನ್ ಬಂತು. ಜೂನ್ ಎಂದರೆ ನನಗೆ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳು. ಆ ವರ್ಷ ನೂರ ನಲವತ್ತು ಜೊತೆ ಯೂನಿಫಾರ್ಮು ಒಪ್ಪಿಕೊಂಡಿದ್ದೆ. ಸಂಧ್ಯಾ ಸುಮ್ಮನೆ ಕೂತಿದ್ದಳಲ್ಲ, ಗುಂಡಿ ಹಾಕಲು ಕೊಟ್ಟೆ. ಅಂದವಾಗಿ ಹಾಕಿದಳು. ಕಾಜ ಹಾಕುವುದನ್ನು ತೋರಿಸಿಕೊಟ್ಟೆ. ಅವಳ ನಿಧಾನ ಇಲ್ಲಿ ವರವಾಯಿತು. ಒಂದೊಂದು ಕಾಜವೂ ಅಚ್ಚು ಒತ್ತಿದ ಹಾಗೆ. ಮಿಷನ್ನಿನ ಮೇಲೂ ಕೂರಿಸಿದೆ. ನಮ್ಮ ಯಜಮಾನರು ನಾಗೇಶ್ ಫ್ಯಾಕ್ಟರಿ ಶಿಫ್ಟು ಮುಗಿಸಿ ಬಂದವರು ಬಾಗಿಲಲ್ಲೇ ನಿಂತು, "ಮಗೂನ ಸ್ಕೂಲಿಗೆ ಸೇರಿಸೋ ಟೈಮು ಕಣೇ ಇದು" ಅಂದರು. "ಈ ರಶ್ಶು ಮುಗೀಲಿ ರೀ, ಕರ್ಕೊಂಡೋಗ್ತೀನಿ" ಅಂದೆ. ಊರ ಮಕ್ಕಳೆಲ್ಲ ಸ್ಕೂಲಿಗೆ ಹೋಗಲಿ ಎಂದು ನಮ್ಮ ಮಗುವನ್ನು ಮನೆಯಲ್ಲಿ ಕೂರಿಸಿ ಅವರ ಬಟ್ಟೆಗೆ ಕಾಜ ಹಾಕಿಸಿದವಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಜುಲೈಯಲ್ಲಿ ನಮ್ಮ ರಸ್ತೆಯ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರು ಚಿಕ್ಕಹನುಮಯ್ಯನವರು ಬ್ಯಾಗಿನ ಜಿಪ್ ಹಾಕಿಸಲು ಅಂಗಡಿಗೆ ಬಂದರು. ಮಿಷನ್ ಮುಂದೆ ಕೂತಿದ್ದ ಸಂಧ್ಯಾಳನ್ನು ನೋಡಿ ಯಾರಮ್ಮ ಈ ಮಗು ಅಂದರು.

"ನನ್ನ ತಮ್ಮನ ಮಗಳು ಸಾರ್. ಎಂಟನೇ ಕ್ಲಾಸು. ರಜಕ್ಕೆ ಬಂದವ್ಳೆ."

"ಜುಲೈಯಲ್ಲಿ ಯಾವ ಸ್ಕೂಲಮ್ಮ ರಜ ಕೊಡೋದು?"

ನಾನು ಬ್ಯಾಗನ್ನು ಎಳೆದುಕೊಂಡು ಹಳೆಯ ಜಿಪ್ ಬಿಚ್ಚತೊಡಗಿದೆ. ಅವರು ಮುಂದೆ ಏನೂ ಕೆದಕಲಿಲ್ಲ. ಜಿಪ್ ಹಾಕಿದ ಬ್ಯಾಗು ತಗೊಂಡು ಹೊರಡುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು. "ಟಿಸಿ ತಗೊಂಡ್ಬನ್ನಿ. ಯಾವತ್ತಾದ್ರೂ ಬನ್ನಿ. ನಿಧಾನ ಆದ್ರೆ ನಿಧಾನವಾಗೇ ಕಲೀಲಿ, ನಮ್ಗೇನು ಅರ್ಜೆಂಟಿಲ್ಲ."

ಅನಂತನಿಗೆ ಫೋನ್ ಮಾಡಿದೆ. ಟಿಸಿ ಕೊಡುವುದಿಲ್ಲ ಅಂದ. ಗುಬ್ಬಿಯ ಸರ್ಕಾರಿ ಸ್ಕೂಲಿಗೆ ಸೇರಿಸಿದರೆ ಒಂದಲ್ಲ ಒಂದು ದಿನ ಊರಿಗೆ ಸುದ್ದಿ ಬರುತ್ತೆ ಅಂದ. ಅವನು ಇನ್ನೊಂದು ದಾರಿ ಕಂಡುಹಿಡಿದಿದ್ದ. ಮನೆಯಲ್ಲೇ ಓದಿಸುವುದು, ವಯಸ್ಸು ತುಂಬಿದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸುವುದು. "ಸರ್ಟಿಫಿಕೇಟು ಬಂದ್ರೆ ಸಾಕಲ್ವಾ. ಎಲ್ಲಿ ಓದಿದ್ಲು ಅಂತ ಯಾರ್ ಕೇಳ್ತಾರೆ." ಓದಿಸುವವರು ಯಾರು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಸರಾ ರಜ ಬಂತು. ಹಾಸ್ಟೆಲಿನ ಮಕ್ಕಳು ಊರಿಗೆ ಹೋಗುವ ದಿನ. ಅನಂತ ಹಿಂದಿನ ದಿನವೇ ಫೋನ್ ಮಾಡಿ, ಯೂನಿಫಾರ್ಮ್ ಹಾಕಿಸಿ ಕಳಿಸು ಅಂದ. ಟ್ರಂಕಿನಿಂದ ತೆಗೆದು ಹಾಕಿ ನೋಡಿದರೆ ಮೊಣಕಾಲಿಗಿಂತ ಮೇಲಕ್ಕೆ ಹೋಗಿತ್ತು, ತೋಳಿನ ಹತ್ತಿರ ಬಿಗಿ. ನಾನು ಕೆಳಗಿನ ಮಡಿಕೆ ಬಿಚ್ಚಿ ಇಳಿಸಿದೆ, ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿದೆ. ಮಡಿಕೆ ಇದ್ದ ಗೆರೆ ಎದ್ದು ಕಾಣುತ್ತಿತ್ತು. ಒದ್ದೆ ಬಟ್ಟೆ ಇಟ್ಟು ಮೂರು ಸಲ ಇಸ್ತ್ರಿ ಒತ್ತಿದೆ. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅನಂತ ಕಾಯುತ್ತಿದ್ದ, ಟ್ರಂಕು ಹೊತ್ತುಕೊಂಡ, ಅಪ್ಪ ಮಗಳು ಕುಣಿಗಲ್ ಬಸ್ಸು ಹತ್ತಿದರು. ಕುಣಿಗಲ್ಲಿನಿಂದ ಅಮೃತೂರಿನ ಪ್ರೈವೇಟ್ ಬಸ್ಸಿನಲ್ಲಿ ಊರವರೆಲ್ಲ ಮಾತಾಡಿಸಿದರಂತೆ. ಏನವ್ವಾ, ಸೊರಗಿದೀಯಲ್ಲ, ಬಾಳ ಓದುಸ್ತಾರಾ ಅಂದರಂತೆ.

ಸಂಕ್ರಾಂತಿಗೂ ಹಾಗೆ, ಯುಗಾದಿಗೂ ಹಾಗೆ. ಮೇ ತಿಂಗಳ ರಜಕ್ಕೆ ನಾನೇ ಜೊತೆಗೆ ಹೋದೆ. ಈ ಸಲ ಊರಿನ ಮುಂದೆ ಬಾಯಿ ಬಿಟ್ಟೇ ಬಿಡಬೇಕು ಎಂದು ನಿರ್ಧಾರ ಮಾಡಿಕೊಂಡಿದ್ದೆ. ಇನ್ನೊಂದು ಜೂನ್ ಹೋದರೆ ಮಗು ಪೂರ್ತಿ ಕೈಬಿಟ್ಟು ಹೋಗುತ್ತೆ ಎಂಬುದು ನನಗೆ ಖಾತ್ರಿಯಾಗಿತ್ತು. ತಲೆಯ ಹಿಂದಿನ ಜಾಗದಲ್ಲಿ ಕೂದಲು ಹುಟ್ಟಿ ಎರಡಂಗುಲ ಬೆಳೆದಿತ್ತು. ಅದನ್ನು ನೋಡಿದಾಗಲೆಲ್ಲ ಇನ್ನೂ ಹೊತ್ತು ಮೀರಿಲ್ಲ ಅನ್ನಿಸುತ್ತಿತ್ತು.

ನಾವು ಹೋದ ಮಾರನೇ ದಿನ ಸಂಜೆ ಡೈರಿಗೆ ಹಾಲು ಹಾಕಿದ ಕಾಂತೇಶ್ ಅನಂತನ ಜೊತೆಯೇ ಬಂದು ಮನೆಯ ಜಗುಲಿಯ ಮೇಲೆ ಕೂತ. ಊರ ಮುಂದಿನ ತೆಂಗಿನ ತೋಟದವನು, ಅನಂತನಿಗಿಂತ ಚಿಕ್ಕವನು. ಅವನ ಮಗ ಆರನೇ ಕ್ಲಾಸಿಗೆ ಬಂದಿದ್ದ. ಜಗುಲಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

"ಅನಂತಣ್ಣ, ನಮ್ ಹುಡುಗನ್ನೂ ನಿಮ್ ಸಂಧ್ಯಾ ಸ್ಕೂಲಿಗೇ ಹಾಕಣ ಅಂತ. ಒಂದ್ ಮಾತು ಹೇಳಿಕೊಡ್ತೀಯಾ? ಆ ಸ್ಕೂಲು ಹೆಂಗೆ, ನಮ್ಮಂಥೋರ ಮಕ್ಕಳಿಗೆ ಆಯ್ತದಾ?"

ಇದೇ ಸಮಯ ಎಂದುಕೊಂಡೆ. ಬಾಗಿಲಿನಿಂದ ಮುಂದೆ ಬಂದು, ಕಾಂತೇಶಾ ಅಂದೆ. ಅನಂತ ನನ್ನ ಮುಖ ನೋಡಿದ. ಮೂವತ್ತು ಜನರ ಮುಂದೆ ಹಾಲಿಗೆ ನೀರು ಬೆರೆಸಿದ್ದೀರಿ ಎಂದು ಹೇಳುವ ಮನುಷ್ಯನ ಕಣ್ಣಲ್ಲಿ ಅಂಥ ಭಯವನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವನೇ ಮೊದಲು ಮಾತಾಡಿದ.

"ಅದು ಎಲ್ಲಾ ಮಕ್ಕಳಿಗೂ ಆಗೋ ಸ್ಕೂಲಲ್ಲ ಕಣೋ ಕಾಂತೇಶ. ತಲೆ ಬೇಕು. ನಮ್ ಸಂಧ್ಯಾನೇ ಕಷ್ಟಪಟ್ಟು ತೂಗಿಸ್ತಾವ್ಳೆ. ನಿನ್ ಮಗ ಆಟ ಆಡ್ಕೊಂಡು ಇರೋ ಹುಡುಗ, ಸುಮ್ನೆ ಯಾಕೆ."

ಕಾಂತೇಶನ ಮುಖ ಸಣ್ಣಗಾಯಿತು. ಸಂಧ್ಯಾ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಡೆ ತಿರುಗಿ, "ಹೌದೇನವ್ವಾ, ಅಷ್ಟು ಕಷ್ಟನಾ?" ಅಂದ.

"ಹೂಂ ಮಾಮ. ನಾಲ್ಕೂ ಮುಕ್ಕಾಲಿಗೆ ಬೆಲ್ಲು. ಪ್ರತಿ ಶನಿವಾರ ಟೆಸ್ಟು. ಎಂಟನೇ ಕ್ಲಾಸಲ್ಲಿ ಇನ್ನೂ ಜಾಸ್ತಿ ಆಯ್ತು." ಹುಡುಗಿ ಒಂದು ಕಡೆಯೂ ತಡವರಿಸಲಿಲ್ಲ. "ನಾನು ಈಗ ಬಿ ಸೆಕ್ಷನ್ನಿಗೆ ಬಂದಿದೀನಿ. ಅಪ್ಪ ಹನ್ನೆರಡು ಗಂಟೆಗೇ ಬರ್ತಾರೆ ನೋಡೋಕೆ."

ಅನಂತ ತಲೆ ತಗ್ಗಿಸಿಕೊಂಡ. ನಾನು ಬಾಗಿಲಿಗೆ ಹಿಂದಿರುಗಿದೆ. ಮಗುವೇ ಹಾಗೆ ಹೇಳಿದ ಮೇಲೆ ನಾನು ಸತ್ಯ ಹೇಳಿದರೆ ಸುಳ್ಳಿ ಆಗುವುದು ಅವಳು. ಕಾಂತೇಶ ಎದ್ದು ಹೋದ. ಅವನ ಮಗ ಈಗ ಅಮೃತೂರಿನ ಶಾಲೆಯಲ್ಲೇ ಓದುತ್ತಿದ್ದಾನೆ, ಕಬಡ್ಡಿ ಟೀಮಿನಲ್ಲಿದ್ದಾನೆ, ಮೈಕೈ ತುಂಬಿಕೊಂಡು ಚೆನ್ನಾಗಿದ್ದಾನೆ. ಎಲ್ಲ ಮಕ್ಕಳಿಗೂ ಆಗುವ ಸ್ಕೂಲಲ್ಲ ಎಂದದ್ದು, ನನ್ನ ತಮ್ಮ ಬಾಯಿಬಿಟ್ಟು ಆಡಿದ ನಿಜ ಅದೊಂದೇ. ಅದೂ ಜಂಭಕ್ಕೆ ಆಡಿದ್ದು. ಪರರ ಮಗುವನ್ನಾದರೂ ಅದು ಉಳಿಸಿತು.

ಆಮೇಲೆ ಹಿತ್ತಲಲ್ಲಿ ಅವಳನ್ನು ಹಿಡಿದು ಕೇಳಿದೆ. "ಯಾಕೆ ಹಂಗಂದೆ?"

"ಎಲ್ರೂ ಕೂತಿದ್ರಲ್ಲ ಅತ್ತೆ. ಅಪ್ಪ ಒಬ್ರೇ ಆಗೋಗ್ತಿದ್ರು."

ನಾನು ಗುಬ್ಬಿಗೆ ಹೊರಡುವ ದಿನ ಅರುಣಾ ರಾಗಿ ಹಿಟ್ಟಿನ ಚೀಲ ತಂದುಕೊಟ್ಟಳು. ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟಿಸಿ ಇತ್ತು. "ಸೇರಿಸಿಬುಡಿ ಅಕ್ಕ. ಅವ್ರಿಗೆ ನಾನ್ ಹೇಳ್ಕೋತೀನಿ. ಬೈದ್ರೆ ಬೈಸ್ಕೋತೀನಿ" ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಆ ಜೂನ್‌ನಲ್ಲಿ ಯೂನಿಫಾರ್ಮು ಒಪ್ಪಿಕೊಳ್ಳಲೇ ಇಲ್ಲ. ಶಾಲೆ ಶುರುವಾದ ಮೂರನೇ ದಿನ ಸಂಧ್ಯಾಳಿಗೆ ಸಾದಾ ಚೂಡಿದಾರ ಹಾಕಿಸಿ ಚಿಕ್ಕಹನುಮಯ್ಯ ಮೇಷ್ಟ್ರ ಬಳಿ ಕರೆದುಕೊಂಡು ಹೋದೆ. ಅವಳು ಬರುವುದಿಲ್ಲ ಅನ್ನಲಿಲ್ಲ. ಮೇಷ್ಟ್ರು ಟಿಸಿ ನೋಡಿದರು, ಒಂದು ವರ್ಷ ಎಲ್ಲಿದ್ದಳು ಎಂದು ಕೇಳಲಿಲ್ಲ, ಎಂಟನೇ ಕ್ಲಾಸಿಗೆ ಕೂರಿಸುತ್ತೇನೆ ಅಂದರು. ಕ್ಲಾಸಿನಲ್ಲಿ ಇಪ್ಪತ್ತೊಂದು ಮಕ್ಕಳಿದ್ದರು. ಕಿಟಕಿಯ ಪಕ್ಕ ಒಂದು ಹುಡುಗಿ ಸರಿದು ಜಾಗ ಕೊಟ್ಟಳು. ನಾನು ವರಾಂಡದಲ್ಲಿ ನಿಂತು ನೋಡಿದೆ. ಎಷ್ಟೋ ದಿನದ ಮೇಲೆ ನನ್ನ ಎದೆ ಹಗುರವಾಗಿತ್ತು.

ಸರ್ಕಾರಿ ಶಾಲೆಗಳಲ್ಲಿ ಜೂನ್ ಮೊದಲ ವಾರ ಸೇತುಬಂಧ ಅಂತ ಮಾಡುತ್ತಾರೆ. ಹಿಂದಿನ ವರ್ಷದ್ದು ಮಕ್ಕಳಿಗೆ ಎಷ್ಟು ನೆನಪಿದೆ ಎಂದು ನೋಡಲು ಒಂದು ಸಣ್ಣ ಪರೀಕ್ಷೆ. ಪಾಸಿಲ್ಲ, ಫೇಲಿಲ್ಲ, ಮರೆತವರಿಗೆ ಮತ್ತೆ ಹೇಳಿಕೊಡುವುದಕ್ಕೆ ಇರುವುದು. ನಾವು ಹೋದದ್ದು ಆ ದಿನವೇ. ಟೀಚರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಸಂಧ್ಯಾಳಿಗೂ ನಗುತ್ತಲೇ ಕೊಟ್ಟರು, ಗೊತ್ತಿದ್ದಷ್ಟು ಬರಿ ಪುಟ್ಟ ಅಂದರು. ಅವಳು ಪೆನ್ನು ತೆಗೆದಳು. ಎಡಗೈ ತಲೆಯ ಹಿಂದಕ್ಕೆ ಹೋಯಿತು.

ನಾನು ಕಿಟಕಿಯಿಂದಲೇ ಸಂಧ್ಯಾ ಅಂದೆ. ಕೇಳಿಸಲಿಲ್ಲ. ಮುಕ್ಕಾಲು ಗಂಟೆ ಅವಳು ಅಲ್ಲಾಡದೆ ಕೂತಿದ್ದಳು, ಆ ಕೈಯೊಂದು ಬಿಟ್ಟು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಡೆಸ್ಕಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಎದ್ದು, ನನ್ನ ಪಕ್ಕದಿಂದಲೇ ಹಾದು ಗೇಟು ದಾಟಿ ಹೋದಳು. ಟೀಚರು ಹಾಳೆ ಬಿಡಿಸಿ ತೋರಿಸಿದರು. ಮೇಲೆ ಹೆಸರು ಬರೆದಿದ್ದಳು. ಅದರ ಕೆಳಗೆ ಹಾಸ್ಟೆಲ್ ನಂಬರು. ಸೆಕ್ಷನ್ ಡಿ ಎಂದು ಬರೆದಿದ್ದಳು. ಗುಬ್ಬಿಯ ಈ ಶಾಲೆಯಲ್ಲಿ ಸೆಕ್ಷನ್ನೇ ಇಲ್ಲ. ಉಳಿದದ್ದೆಲ್ಲ ಖಾಲಿ, ಡೆಸ್ಕಿನ ಮೇಲೆ ಒಂದು ಹಿಡಿ ಕೂದಲು.

ಮೇಷ್ಟ್ರು ಎರಡು ಸಲ ಮನೆಗೆ ಬಂದರು. ಪರೀಕ್ಷೆ ಬರೆಸುವುದಿಲ್ಲ, ಸುಮ್ಮನೆ ಬಂದು ಕೂತ್ಕೋ ಅಂದರು. ಅವರ ದನಿ ಕೇಳಿದರೆ ಸಾಕು ಬಚ್ಚಲ ಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ತುಮಕೂರಿನಲ್ಲಿ ಇಂಥ ಮಕ್ಕಳನ್ನು ಕೂರಿಸಿ ಮಾತಾಡಿಸುವ ಡಾಕ್ಟರಿದ್ದಾರೆ, ಕರೆದುಕೊಂಡು ಹೋಗಿ ಅಂದರು. ಅನಂತನನ್ನು ಕೇಳಿದೆ. ಟಿಸಿ ಕದ್ದು ಒಯ್ದದ್ದಕ್ಕೆ ಅವನು ಆಗಲೇ ನನ್ನ ಮೇಲೆ ಉರಿಯುತ್ತಿದ್ದ. "ನನ್ನ ಮಗಳಿಗೆ ಹುಚ್ಚು ಅಂತ ಚೀಟಿ ಬರೆಸ್ಬೇಕಾ? ಬುಡು ಅಕ್ಕ, ನೀನ್ ಮಾಡಿರೋದೇ ಸಾಕು" ಅಂದ. ನಾನು ಅವನನ್ನು ಮೀರಿ ಕರೆದುಕೊಂಡು ಹೋಗಬಹುದಿತ್ತು. ಡಾಕ್ಟರ ಹೆಸರು ಎತ್ತಿದಾಗ ಸಂಧ್ಯಾ ನನ್ನ ಕಾಲು ಹಿಡಿದುಕೊಂಡು, ಬೇಡ ಅತ್ತೆ, ಅಲ್ಲೂ ಏನಾದ್ರೂ ಕೇಳ್ತಾರೆ ಅಂದಳು. ನನಗೆ ಆ ಕೈ ಬಿಡಿಸುವ ಶಕ್ತಿ ಇರಲಿಲ್ಲ.

ಈಗ ಮತ್ತೆ ದಸರಾ ಬಂದಿದೆ. ಊರಿನ ಲೆಕ್ಕದಲ್ಲಿ ಸಂಧ್ಯಾ ಒಂಬತ್ತನೇ ಕ್ಲಾಸು. ಆ ಸ್ಕೂಲಿನಲ್ಲಿ ಒಂಬತ್ತಕ್ಕೆ ಹೆಣ್ಣುಮಕ್ಕಳಿಗೆ ಪಿನೋಫಾರ್ಮ್ ಇಲ್ಲ, ಚೂಡಿದಾರ ಮತ್ತು ಮೇಲೊಂದು ಕೋಟು. ಅನಂತ ಫೋನ್ ಮಾಡಿದ್ದ. "ಹೊಸಾ ಯೂನಿಫಾರ್ಮ್ ಬೇಕಲ್ಲ ಅಕ್ಕ" ಅಂದ. ದನಿಯಲ್ಲಿ ಹಿಂದಿನ ಗತ್ತು ಇರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ನಾನು ಹೊಲಿಯುವುದಿಲ್ಲ ಎಂದು ಫೋನ್ ಇಟ್ಟೆ. ಎರಡು ದಿನ ಬಿಟ್ಟು ತುಮಕೂರಿಗೆ ಹೋದೆ. ಉಪ್ಪಾರಹಳ್ಳಿಯಲ್ಲಿ ಇಳಿದು ಆ ಸ್ಕೂಲಿನ ಗೇಟಿನ ಎದುರು, ಅದೇ ಹೊಂಗೆ ಮರದ ಕೆಳಗೆ ನಿಂತೆ. ಒಳಗೆ ಹೋಗಿ ಪ್ರಿನ್ಸಿಪಾಲರಿಗೆ ನಾಲ್ಕು ಮಾತು ಬೈದು ಬರಬೇಕು ಎಂದೇ ಹೊರಟಿದ್ದೆ. ಗ್ರೌಂಡಿಗೆ ಬಂದ ಹುಡುಗಿಯರನ್ನು ನೋಡುತ್ತ ನಿಂತವಳು ಕಾಲರು ಎಷ್ಟು ಅಗಲ, ಕೋಟಿಗೆ ಎಷ್ಟು ಗುಂಡಿ, ಜೇಬು ಯಾವ ಕಡೆ ಎಂದು ಗುರುತು ಹಾಕಿಕೊಂಡು ಹಿಂದಿರುಗಿದೆ. ಬರುವಾಗ ಬಟ್ಟೆಯನ್ನೂ ತಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ತಂದೆ.

ಕತ್ತರಿಸಲು ಕೈ ಬರಲಿಲ್ಲ. ಬಟ್ಟೆ ಮೂರು ದಿನ ಮೇಜಿನ ಮೇಲೆ ಹಾಗೇ ಇತ್ತು. ನಾಲ್ಕನೇ ದಿನ ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಸಂಧ್ಯಾ ಅದನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ತನ್ನ ಅಳತೆಯನ್ನು ತಾನೇ ತೆಗೆದುಕೊಂಡು ಕಾಗದದ ಮೇಲೆ ಬರೆದುಕೊಂಡಿದ್ದಳು. ಕಾಲರು ಹೇಗಿದೆ ಎಂದು ನನ್ನನ್ನು ಕೇಳಲಿಲ್ಲ, ಹಾಸ್ಟೆಲಿನಲ್ಲಿದ್ದ ಎರಡು ವರ್ಷವೂ ದೊಡ್ಡ ಹುಡುಗಿಯರು ಹಾಕಿದ್ದನ್ನು ನೋಡಿದ್ದಳಲ್ಲ. ಹದಿನಾಲ್ಕು ವರ್ಷದ ಹುಡುಗಿಯ ಕೈ, ನನ್ನ ಹದಿನೆಂಟು ವರ್ಷದ ಅನುಭವಕ್ಕಿಂತ ಸ್ವಚ್ಛವಾಗಿ ಗೆರೆ ಎಳೆಯುತ್ತಿತ್ತು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಈಗ ಮನೆಯೊಳಗೂ ಕಟ್ಟಿಕೊಂಡೇ ಇರುತ್ತಾಳೆ.

"ಬುಡು ಮಗಾ" ಅಂದೆ. "ಬೇಡ. ಈ ಸಲ ಊರಿಗೆ ಹೋಗೋದೇ ಬೇಡ. ಹಾಸ್ಟೆಲಲ್ಲಿ ರಜ ಕೊಟ್ಟಿಲ್ಲ ಅಂದ್ರಾಯ್ತು."

"ಅಮ್ಮ ಒಬ್ಬಟ್ಟು ಮಾಡ್ತಾರೆ ಅತ್ತೆ" ಅಂದಳು. ಕತ್ತರಿ ಕೈಗೆ ತಗೊಂಡಳು. ನಿಧಾನವಾಗಿ, ಗುರುತಿನ ಗೆರೆಯಿಂದ ತುಂಬ ಆಚೆಗೆ, ಕತ್ತರಿಸತೊಡಗಿದಳು.

"ಅಷ್ಟೊಂದು ಯಾಕೆ ಬಿಡ್ತಿದೀಯಾ?"

ಅವಳು ತಲೆ ಎತ್ತಲಿಲ್ಲ. "ಒಳಗೆ ಎರಡಿಂಚು ಬಿಡ್ತಿದೀನಿ ಅತ್ತೆ. ಹತ್ತನೇ ಕ್ಲಾಸು ಮುಗಿಯೋವರ್ಗೂ ಆಗುತ್ತೆ."